ಕೆಂಡದ ಮೇಲಿನ ಮಾಂಸ: ರುಚಿ ಮತ್ತು ಎಚ್ಚರ

ಸಂಜೆಯಾಯಿತೆಂದರೆ ಮೆಹದಿಪಟ್ಟಣಂನ ಬೀದಿಗಳಲ್ಲಿ ಕಬಾಬಿನ ಒಲೆಗಳು ಹೊಗೆಯಾಡತೊಡಗುತ್ತವೆ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿಯೇ ಇದ್ದ ಬೀದರ್, ಕಲಬುರಗಿ, ರಾಯಚೂರುಗಳಿಂದ ಬಂದ ನಮ್ಮವರಿಗೆ ಈ ಪರಿಮಳ ಹೊಸದಲ್ಲ. ಕಾಶ್ಮೀರದ ‘ತುಜ್’ ಇದೇ ಕುಲಕ್ಕೆ ಸೇರಿದ ತಿನಿಸು. ಮಾಂಸದ ತುಂಡುಗಳನ್ನು ಮೊಸರು, ಮೆಣಸಿನಪುಡಿ, ಮಸಾಲೆಗಳಲ್ಲಿ ನೆನೆಸಿ, ಕಬ್ಬಿಣದ ಸಲಾಕೆಗೆ ಪೋಣಿಸಿ ಕೆಂಡದ ಮೇಲೆ ಸುಡುತ್ತಾರೆ. ಶ್ರೀನಗರದ ಖಯಾಮ್ ಚೌಕ ಇದಕ್ಕೆ ಹೆಸರಾದ ಸ್ಥಳ. ಅಲ್ಲಿ ಇದನ್ನು ‘ಲವಾಸ’ ಎಂಬ ತೆಳುರೊಟ್ಟಿ ಹಾಗೂ ಬಗೆಬಗೆಯ ಚಟ್ನಿಗಳೊಡನೆ ಕೊಡುತ್ತಾರೆ.

ಮಾಂಸದಲ್ಲಿ ಉತ್ತಮ ಪ್ರೋಟೀನು, ಕಬ್ಬಿಣದ ಅಂಶ, ಬಿ-12 ಜೀವಸತ್ವಗಳಿವೆ. ಸುಡುವುದಕ್ಕೆ ಹೆಚ್ಚು ಎಣ್ಣೆಯೂ ಬೇಕಿಲ್ಲ. ಆದರೆ ಬೆಂಕಿ ಕಡಿಮೆಯಾದರೂ ಕೇಡು, ಹೆಚ್ಚಾದರೂ ಕೇಡು ಎಂಬುದನ್ನು ಮರೆಯಲಾಗದು.

ಅರೆಬೆಂದ ಮಾಂಸದಲ್ಲಿ ರೋಗಾಣುಗಳು ಉಳಿಯುತ್ತವೆ. ಕೊಚ್ಚಿದ ಕುರಿಮಾಂಸದ ಒಳಭಾಗ 71 ಡಿಗ್ರಿ ಸೆಲ್ಸಿಯಸ್, ಕೋಳಿಮಾಂಸದ ಒಳಭಾಗ 74 ಡಿಗ್ರಿ ಮುಟ್ಟಬೇಕು. ಮೆಣಸಿನ ಕೆಂಪು ಕಣ್ಣಿಗೆ ಮೋಸ ಮಾಡುವುದರಿಂದ, ತುಂಡನ್ನು ಮುರಿದು ಒಳಗೂ ಬೆಂದಿದೆಯೇ ಎಂದು ನೋಡುವುದು ಲೇಸು. ಮನೆಯಲ್ಲಿ ಮಾಡುವವರು ಮಾಂಸವನ್ನು ಹೊರಗಿಡದೆ ಶೀತಕಪೆಟ್ಟಿಗೆಯಲ್ಲಿಯೇ ನೆನೆಯಿಡಬೇಕು. ಹಸಿಮಾಂಸ ನೆನೆದ ಮಸಾಲೆಯನ್ನು ಬೆಂದ ಮಾಂಸಕ್ಕೆ ಸವರಬಾರದು.

ಇನ್ನು ಉರಿ ಹೆಚ್ಚಾದಾಗಿನ ಮಾತು. ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿ ಏಳುವ ಹೊಗೆಯಲ್ಲಿಯೂ, ಸೀದು ಕಪ್ಪಾದ ಮಾಂಸದಲ್ಲಿಯೂ ಹಾನಿಕಾರಕ ರಾಸಾಯನಿಕಗಳು ಉಂಟಾಗುತ್ತವೆ. ಇವು ಪ್ರಾಣಿಗಳಲ್ಲಿ ಕ್ಯಾನ್ಸರ್ ಉಂಟುಮಾಡಿದ್ದು ಪ್ರಯೋಗಗಳಲ್ಲಿ ಕಂಡುಬಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2015ರಲ್ಲಿ ಕುರಿ, ಮೇಕೆ ಮೊದಲಾದವುಗಳ ಕೆಂಪು ಮಾಂಸವನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ವರ್ಗಕ್ಕೆ ಸೇರಿಸಿತು. ಒಂದು ಸಂಜೆಯ ಎರಡು ಸಲಾಕೆಗಳಿಗೆ ಅಂಜಬೇಕಾಗಿಲ್ಲ. ಅಂಜಬೇಕಾದದ್ದು ನಿತ್ಯದ ಅಭ್ಯಾಸಕ್ಕೆ. ಸೀದ ಭಾಗವನ್ನು ಕಿತ್ತುಹಾಕಿ, ಕೊಬ್ಬು ಕಡಿಮೆಯಿರುವ ತುಂಡುಗಳನ್ನೇ ಆರಿಸಿಕೊಳ್ಳಬೇಕು.

ಮಾಂಸವನ್ನಾದರೂ ಬೆಂಕಿ ಶುದ್ಧಿ ಮಾಡುತ್ತದೆ. ಜೊತೆಗೆ ಬರುವ ಹಸಿ ಚಟ್ನಿಗೂ ಹೆಚ್ಚಿದ ಈರುಳ್ಳಿಗೂ ಆ ರಕ್ಷಣೆಯಿಲ್ಲ. ನೀರು, ಕೈ, ಪಾತ್ರೆ ಇವುಗಳಲ್ಲಿ ಒಂದು ಕೊಳಕಾದರೂ ವಾಂತಿಭೇದಿ ತಪ್ಪದು. ಅನುಮಾನವಿದ್ದಲ್ಲಿ ಬಿಸಿ ಮಾಂಸವನ್ನಷ್ಟೇ ತಿಂದು ಚಟ್ನಿಯನ್ನು ಬದಿಗಿಡುವುದು ಜಾಣತನ.

ಊರು ಬಿಟ್ಟು ಬಂದು ಕೊಠಡಿಗಳಲ್ಲಿ ವಾಸಿಸುವ ನಮ್ಮ ತರುಣರಿಗೆ ಬೀದಿಯ ಒಲೆಯೇ ಎಷ್ಟೋ ದಿನ ಅಡಿಗೆಮನೆ. ಅವರಿಗೊಂದು ಕಿವಿಮಾತು: ಕಬಾಬು ಹಬ್ಬದೂಟವಾಗಿರಲಿ, ನಿತ್ಯದೂಟಕ್ಕೆ ಜೋಳದ ರೊಟ್ಟಿ, ಬೇಳೆ, ಸೊಪ್ಪು ಇರಲಿ. ರಕ್ತದೊತ್ತಡವುಳ್ಳ ಹಿರಿಯರು ಮಸಾಲೆಯಲ್ಲಿ ಅಡಗಿರುವ ಉಪ್ಪನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ದಿನವೊಂದಕ್ಕೆ ಎಲ್ಲ ಆಹಾರವೂ ಸೇರಿ 5 ಗ್ರಾಂ ಉಪ್ಪು ಮೀರಬಾರದು. ಮಿತಿಯರಿತು ತಿಂದರೆ ರುಚಿಗೂ ಆರೋಗ್ಯಕ್ಕೂ ವಿರೋಧವಿಲ್ಲ.