ಕರಿಕೆಯ ತೋಟಗಳಲ್ಲಿ ಕೂಲಿಗಾರರ ಪುಷ್ಟಿ ಮತ್ತು ಚಿಕಿತ್ಸೆ

ಅಡಿಕೆಯ ಕೊಳೆರೋಗಕ್ಕೆ ಮಳೆ ಬಲಿಯುವ ಮುನ್ನವೇ ಬೋರ್ಡೋ ದ್ರಾವಣವನ್ನು ಸಿಂಪಡಿಸತಕ್ಕದ್ದೆಂಬುದು ಕರಿಕೆಯ ತೋಟಗಾರರಿಗೆಲ್ಲ ತಿಳಿದ ವಿಷಯ. ತೋಟದಲ್ಲಿ ದುಡಿಯುವವರ ಆರೋಗ್ಯಕ್ಕೂ ಇದೇ ನಿಯಮವು ಅನ್ವಯಿಸುವುದು.

ಕರಿಕೆಯಿಂದ ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೆ ಹೋಗಬೇಕಾದರೆ ಕಾಡಿನ ಘಟ್ಟವನ್ನು ಹತ್ತಿ ಭಾಗಮಂಡಲಕ್ಕೆ ಬಂದು, ಅಲ್ಲಿಂದ ಮುಂದೆ ಸುಮಾರು 40 ಕಿಲೋಮೀಟರು ಸಾಗಬೇಕು. ಮಳೆಗಾಲದಲ್ಲಿ ಆ ದಾರಿಗೆ ಮರವೂ ಮಣ್ಣೂ ಬೀಳುವುದುಂಟು. ಇಳಿಜಾರಿನ ಕಡೆ ಕೇರಳದ ಪಾಣತ್ತೂರು ಸಮೀಪವಾದರೂ, 2020ರ ಮಾರ್ಚಿ ತಿಂಗಳಲ್ಲಿ ಸಾಂಕ್ರಾಮಿಕದ ನಿಮಿತ್ತ ಆ ಗಡಿಯೂ ಮುಚ್ಚಲ್ಪಟ್ಟಿತ್ತು. ಇಂತಹ ಸ್ಥಳದಲ್ಲಿ ಕಷ್ಟ ಬಂದ ಮೇಲೆ ವಾಹನ ಹುಡುಕುವುದು ಅಪಾಯಕರ.

ಕಕ್ಕಡ ಮಾಸದಲ್ಲಿ ಮಳೆ ಬಿಡದೆ ಹೊಯ್ದರೆ ಕೆಲಸವೂ ನಿಲ್ಲುವುದು, ಕೂಲಿಯೂ ನಿಲ್ಲುವುದು. ಪಡಿತರದ ಅಕ್ಕಿಯಿಂದ ಹೊಟ್ಟೆ ತುಂಬೀತು. ಗರ್ಭಿಣಿಗೆ ಬೇಕಾದ ರಕ್ತಪುಷ್ಟಿಯು ಅದರಿಂದ ಮಾತ್ರವೇ ಬಾರದು. ರಕ್ತಹೀನಳಾದ ತಾಯಿಗೆ ಹೆರಿಗೆಯ ರಕ್ತಸ್ರಾವವು ಪ್ರಾಣಕ್ಕೇ ಮುಳುವಾಗಬಹುದು. ಅಂಗನವಾಡಿಯಲ್ಲಿ ಗರ್ಭಿಣಿ ಬಾಣಂತಿಯರಿಗೆ ಊಟ ಒದಗಿಸುವ ಮಾತೃಪೂರ್ಣ ಯೋಜನೆಯನ್ನು ಸರ್ಕಾರವು 2017ರ ಅಕ್ಟೋಬರಿನಲ್ಲಿ ಆರಂಭಿಸಿತು. ಗರ್ಭಿಣಿಯರಿಗೆ 180 ದಿನಗಳ ಕಬ್ಬಿಣಾಂಶದ ಮಾತ್ರೆಗಳೂ ಉಚಿತವಾಗಿ ದೊರೆಯುವುವು. ಆದರೆ ಅರ್ಧ ದಿನದ ಕೂಲಿಯನ್ನು ಬಿಟ್ಟು, ತೋಟದ ಲೈನುಮನೆಯಿಂದ ಅಲ್ಲಿಗೆ ನಡೆಯಲು ಬಡವರಿಗೆ ಹೇಗೆ ಸಾಧ್ಯ? ಈ ಕೊರತೆಯನ್ನು ತುಂಬುವುದು ಯಜಮಾನರ ಕೈಯಲ್ಲಿದೆ.

1. ಲೈನುಮನೆಗಳ ಹಿಂದೆ ತರಕಾರಿಗೆಂದು ಸ್ವಲ್ಪ ನೆಲವನ್ನು ಬಿಟ್ಟುಕೊಡುವುದು. ಮಳೆಗೆ ಮುಂಚೆ ಎತ್ತರದ ಮಡಿಗಳನ್ನು ಮಾಡಿ ಬಸಳೆ, ಸಿಹಿಗೆಣಸು ಹಾಕಿಸಬಹುದು. ನುಗ್ಗೆ ಮತ್ತು ಪಪ್ಪಾಯಿಗಳನ್ನು ಬಿಸಿಲು ಬೀಳುವ ದಿಬ್ಬದಲ್ಲಿಯೇ ನೆಡತಕ್ಕದ್ದು. ನೀರು ನಿಂತರೆ ಬೇರು ಕೊಳೆಯುವುದು.

2. ಹುರುಳಿ, ಹೆಸರುಕಾಳುಗಳನ್ನು ಮಳೆಗೆ ಮೊದಲೇ ಒಟ್ಟಾಗಿ ತರಿಸಿ, ಕೊಂಡ ಬೆಲೆಗೇ ಕೂಲಿಗಾರರಿಗೆ ಹಂಚುವುದು. ಸೊಪ್ಪು ಕಾಳುಗಳ ಪಲ್ಯಕ್ಕೆ ನಿಂಬೆರಸ ಹಿಂಡಿದರೆ ಅವುಗಳಲ್ಲಿನ ಕಬ್ಬಿಣಾಂಶವು ದೇಹಕ್ಕೆ ಹೆಚ್ಚಾಗಿ ಹಿಡಿಯುವುದು. ಊಟದ ಸಂಗಡ ಚಹಾ ಕುಡಿದರೆ ಅದು ಕುಂದುವುದರಿಂದ, ಚಹಾವನ್ನು ಬೇರೆ ಹೊತ್ತಿಗೆ ಕುಡಿಯಲು ತಿಳಿಸಬೇಕು.

3. ತಪಾಸಣೆಯ ದಿವಸ ಗರ್ಭಿಣಿಯ ಕೂಲಿಯನ್ನು ಹಿಡಿಯದಿರುವುದು. ಮಳೆಗಾಲದಲ್ಲಿ ದಿನ ತುಂಬುವವರನ್ನು ವೈದ್ಯರ ಸಲಹೆಯಂತೆ ಮುಂಚಿತವಾಗಿಯೇ ಆಸ್ಪತ್ರೆಯ ಸಮೀಪದಲ್ಲಿ ಇರಿಸುವುದು. 108ರ ವಾಹನವು ಬರಲಾಗದ ದಿವಸಕ್ಕೆ ಯಾರ ಜೀಪು ಹೊರಡಬೇಕೆಂದು ಗ್ರಾಮದ ಮುಖಂಡರು ಮೊದಲೇ ಗೊತ್ತುಮಾಡತಕ್ಕದ್ದು.

ಇವುಗಳಿಗೆ ತಗಲುವ ವೆಚ್ಚ ಅಲ್ಪ. ಮೇ ತಿಂಗಳು ಮುಗಿಯುವುದರೊಳಗೆ ಆಶಾ ಕಾರ್ಯಕರ್ತೆಯರನ್ನು ಕೇಳಿ ಪ್ರತಿ ತೋಟದ ಗರ್ಭಿಣಿಯರನ್ನೂ ಎಳೆಮಕ್ಕಳನ್ನೂ ಪಟ್ಟಿಮಾಡಿಸಿದರೆ, ಉಳಿದ ಏರ್ಪಾಡುಗಳು ಸುಲಭವಾಗುವುವು.