ಜಾಲಿ ಕೀಳಿಸೋ ಮೊದಲು ಹೂವು ನೋಡಿ

ತೋಟಗಾರಿಕೆ ಪದವಿ ಮುಗಿಸಿ ಕಡೇಚೂರಿಗೆ ವಾಪಸ್ ಬಂದ ಮೊದಲ ಬೇಸಿಗೆಯಲ್ಲೇ ದೊಡ್ಡ ತಪ್ಪು ಮಾಡಿದೆ. ಒಡ್ಡಿನ ಮೇಲೆ ಹಬ್ಬಿದ್ದ ಬಳ್ಳಾರಿ ಜಾಲಿ ತೆಗೆಸಲು ಜೆಸಿಬಿ ಕರೆಸಿದ್ದೆ. ಮುಳ್ಳು ಕಂಡಿದ್ದಕ್ಕೆಲ್ಲ ಬೆರಳು ತೋರಿಸುತ್ತಾ ಹೋದೆ. ಸಂಜೆ ಪಕ್ಕದ ಹೊಲದ ಕಾಕಾ ಬಂದು, "ಏನ್ ಮಾಡ್ದಿ ತಮ್ಮಾ, ಇವು ಕರಿಜಾಲಿ ಅಲ್ಲೇನು? ನಿಮ್ಮ ಮುತ್ಯಾ ಕೂರಿಗಿಗೆ ಇದೇ ಕಟ್ಟಿಗಿ ಕಡೀತಿದ್ದ" ಅಂದ್ರು. ಬಲಿತ ನಾಲ್ಕು ಮರ ನೆಲಕ್ಕೆ ಬಿದ್ದಿದ್ದವು.

ಎರಡಕ್ಕೂ ಮುಳ್ಳು, ಎರಡಕ್ಕೂ ಸಣ್ಣ ಎಲೆ. ಎಲೆ ನೋಡಿ ತೀರ್ಮಾನ ಮಾಡಬೇಡಿ. ಕರಿಜಾಲಿ ಹೂವು ಅಚ್ಚ ಹಳದಿ, ಗೋಲಿಯಂತೆ ಗುಂಡಗೆ. ಬಳ್ಳಾರಿ ಜಾಲಿಯದು ತಿಳಿಹಳದಿ, ಬೆರಳಿನಂತೆ ಉದ್ದನೆಯ ತೆನೆ. ಹೂವಿಲ್ಲದಿದ್ದರೆ ಕಾಯಿ ಹುಡುಕಿ. ಕರಿಜಾಲಿ ಕಾಯಿ ಬೂದುಬಣ್ಣ, ಬೀಜ ಬೀಜದ ನಡುವೆ ಕಟ್ಟಿದಂತೆ ಕಿರಿದಾಗಿ ಸರದ ಹಾಗೆ ಕಾಣುತ್ತದೆ. ಬಳ್ಳಾರಿ ಜಾಲಿ ಕಾಯಿ ಹಳದಿ, ಹಾಗೆ ಕಟ್ಟಿಕೊಂಡಿರುವುದಿಲ್ಲ, ಬಾಯಿಗೆ ಸಿಹಿ. ಇನ್ನು ತೊಗಟೆ ಬಿಳಿಚಾಗಿ, ಮಳೆಗಾಲದಲ್ಲಿ ಕೊಂಬೆ ತುದಿಗೆ ಕೆನೆಬಣ್ಣದ ಗೊಂಚಲು ಬಿಟ್ಟರೆ ಅದು ಬಿಳಿಜಾಲಿ. ಅದನ್ನೂ ಉಳಿಸಿಕೊಳ್ಳಿ.

ಫೋನಿನ ಆ್ಯಪ್‌ಗೆ ಹೂವು ಅಥವಾ ಕಾಯಿಯ ಫೋಟೋ ಕೊಡಿ. 'ವೆಚೆಲಿಯಾ ನಿಲೋಟಿಕಾ' ಅಂತ ತೋರಿಸಿದರೆ ಗಾಬರಿ ಬೇಡ. ಹಳೆ ಪುಸ್ತಕದ ಅಕೇಶಿಯಾ ನಿಲೋಟಿಕಾ, ಅಂದ್ರೆ ನಮ್ಮ ಕರಿಜಾಲಿಯೇ ಅದು. 2005ರ ವಿಯೆನ್ನಾ ಸಸ್ಯಶಾಸ್ತ್ರ ಸಮ್ಮೇಳನದಲ್ಲಿ ಅಕೇಶಿಯಾ ಎಂಬ ಹೆಸರು ಆಸ್ಟ್ರೇಲಿಯಾ ಕಡೆಯ ಗಿಡಗಳ ಪಾಲಾಯಿತು. ನೆಟ್‌ನಲ್ಲಿ 'ಮಿಮೋಸಾ' ಅಂತ ಮಾರುವ ಹಳದಿ ಹೂವಿನ ಮರವೂ ಅಲ್ಲಿಯದೇ. ಊಟಿಯಂಥ ತಂಪಿಗೆ ಸರಿ, ನಮ್ಮ ಬಿಸಿಲಿಗಲ್ಲ. ದುಡ್ಡು ಕಳಕೋಬೇಡಿ. ಮನೆ ಅಂಗಳಕ್ಕೆ ಪರಿಮಳದ ಗಿಡವೇ ಬೇಕಂದ್ರೆ ಕಸ್ತೂರಿ ಜಾಲಿ ಸಾಕು, ಹೆಚ್ಚು ಎತ್ತರ ಹೋಗಲ್ಲ.

ಕರಿಜಾಲಿ ಬೆಳೆಸುವುದು ಕಷ್ಟವಲ್ಲ, ಬೀಜದ ಗಟ್ಟಿ ಸಿಪ್ಪೆಯೇ ತೊಡಕು. ಆಡು ತಿಂದು ಹಾಕಿದ ಬೀಜ ಬೇಗ ಮೊಳೆಯುತ್ತದೆ. ಆದರೆ ದೊಡ್ಡಿಯಲ್ಲಿ ಬಳ್ಳಾರಿ ಜಾಲಿ ಬೀಜವೂ ಬೆರೆತಿರುತ್ತದೆ (ಅರೆಬರೆ ಕೊಳೆತ ಗೊಬ್ಬರದಿಂದ ಅದು ಹೊಲಕ್ಕೆ ಬರೋದು ಹೀಗೇ). ಅದಕ್ಕೇ ಬೇಸಿಗೆಯಲ್ಲಿ ಗುರುತಿನ ಮರದ ಕಾಯಿಯನ್ನೇ ಆರಿಸಿ. ನೀರಿಗೆ ಹಾಕಿದಾಗ ತೇಲುವ ಬೀಜ ಬಿಸಾಡಿ, ಹುಳ ತಿಂದಿರುತ್ತದೆ. ನೀರು ಕುದಿಸಿ, ಒಲೆಯಿಂದ ಇಳಿಸಿ, ಅದರಲ್ಲಿ ಬೀಜ ಹಾಕಿ ಒಂದು ದಿನ ಹಾಗೇ ಬಿಡಿ. ಉಬ್ಬಿದ ಬೀಜವನ್ನು ಚೀಲಕ್ಕೆ ಎರಡರಂತೆ, ಒಂದು ಸೆಂ.ಮೀ. ಆಳಕ್ಕೆ ಊರಿ. ಹಳೇ ಜಾಲಿ ಬುಡದ ಒಂದು ಹಿಡಿ ಮಣ್ಣು ಬೆರೆಸಿದರೆ, ಬೇರಿನ ಗಂಟು ಕಟ್ಟುವ ಬ್ಯಾಕ್ಟೀರಿಯಾ ಪುಕ್ಕಟೆ ಸಿಗುತ್ತದೆ.

ಬೇರು ಬೇಗ ಆಳಕ್ಕಿಳಿಯುತ್ತದೆ. ಚೀಲದೊಳಗೆ ಸುರುಳಿ ಸುತ್ತುವ ಮೊದಲೇ ಮಳೆ ಹಿಡಿದಾಗ ನೆಟ್ಟುಬಿಡಿ. ಎರೆಮಣ್ಣಾದರೂ ನಡೆಯುತ್ತದೆ. ಆದರೆ ಹತ್ತಿ, ತೊಗರಿ ಸಾಲಿಗೆ ಒತ್ತಿ ಬೇಡ: ನೆರಳೂ ಬೇರೂ ಸೇರಿ ಅಂಚಿನ ಬೆಳೆ ಸೊರಗುತ್ತದೆ. ಹಳ್ಳದ ದಂಡೆ, ಬಂಡಿದಾರಿ ಬದಿ ಒಳ್ಳೇದು. ಮೊದಲ ಎರಡು ವರ್ಷ ಆಡಿನ ಬಾಯಿಂದ ಕಾಯಬೇಕು. ನಾನಂತೂ ಕಡಿದ ಬಳ್ಳಾರಿ ಜಾಲಿ ಮುಳ್ಳನ್ನೇ ಸಸಿ ಸುತ್ತ ಕಟ್ಟಿದ್ದೇನೆ. ಅದರ ಕಾಯಿ ಮಾತ್ರ ಉದುರಿಸಿ ಸುಟ್ಟ ಮೇಲೆ.