ಕಾಡಿನ ಮಾತಿಗೆ ಸಾಕ್ಷಿ ಯಾರು?

(ಬಾನುಲಿ ಭಾಷಣ)

ಹಿಂದೆ ರಾಜಾಸ್ಥಾನಗಳಲ್ಲಿ ಹೊಸ ಕಾವ್ಯವು ವಿದ್ವತ್ಸಭೆಯ ಮುಂದೆ ವಾಚನಗೊಂಡು, ಸಭೆಯ ಮನ್ನಣೆ ಪಡೆದ ಮೇಲೆಯೇ ಲೋಕಕ್ಕೆ ಸಲ್ಲುತ್ತಿತ್ತೆಂದು ಕೇಳಿದ್ದೇವೆ. ವಿಜ್ಞಾನದಲ್ಲಿ ಅಂಥ ಸಭೆ ಇಂದಿಗೂ ಉಂಟು; ಆದರೆ ಅದು ಕಣ್ಣಿಗೆ ಕಾಣದ ಸಭೆ. ಸಂಶೋಧಕನು ತನ್ನ ಪ್ರಬಂಧವನ್ನು ಒಂದು ಪತ್ರಿಕೆಗೆ ಕಳುಹಿಸುತ್ತಾನೆ. ಸಂಪಾದಕನು ಅದನ್ನು ಆ ವಿಷಯದಲ್ಲಿ ನುರಿತ ಇಬ್ಬರು ಮೂವರ ಬಳಿಗೆ ಕಳುಹಿಸುತ್ತಾನೆ. ಅವರ ಹೆಸರು ಲೇಖಕನಿಗೆ ಸಾಮಾನ್ಯವಾಗಿ ತಿಳಿಯದು. ಅವರಿಗೆ ಸಂಭಾವನೆಯೂ ಬಹುಮಟ್ಟಿಗೆ ಇಲ್ಲ. ಅಳತೆ ಸರಿಯೇ, ಲೆಕ್ಕ ಸರಿಯೇ, ತೆಗೆದ ನಿರ್ಣಯ ಅಳತೆಯನ್ನು ಮೀರಿಲ್ಲವಷ್ಟೆ ಎಂದು ಅವರು ಪರೀಕ್ಷಿಸುತ್ತಾರೆ. ಅಚ್ಚಿಗೆ ಯೋಗ್ಯ, ತಿದ್ದಬೇಕು, ಬೇಡ ಎಂಬ ಮೂರರಲ್ಲಿ ಒಂದು ಸಲಹೆ ಕೊಡುತ್ತಾರೆ. ತೀರ್ಮಾನ ಸಂಪಾದಕನದು. ಇಂಗ್ಲಿಷಿನವರು ಪೀರ್ ರಿವ್ಯೂ ಎನ್ನುವ ಈ ಪದ್ಧತಿಯನ್ನು ನಾವು ಸಮಾನರ ಪರಾಮರ್ಶೆ ಎಂದು ಕರೆಯೋಣ.

ಅರಣ್ಯಶಾಸ್ತ್ರದಲ್ಲಿ ಈ ಪರಾಮರ್ಶೆಯ ಹೊಣೆ ಹೆಚ್ಚಿನದು. ರಸಾಯನಶಾಸ್ತ್ರದ ಪ್ರಯೋಗದಲ್ಲಿ ಅನುಮಾನ ಬಂದವರು ತಮ್ಮ ಪ್ರಯೋಗಶಾಲೆಯಲ್ಲಿ ಅದನ್ನು ಮರಳಿ ಮಾಡಿ ನೋಡಬಹುದು. ಕಾಡಿನ ಪ್ರಯೋಗ ಹಾಗಲ್ಲ. ತೇಗದ ನೆಡುತೋಪು ಕಡಿತಕ್ಕೆ ಬರಲು 50-60 ವರ್ಷ ಹಿಡಿಯುತ್ತದೆ. ನೆಟ್ಟವನೇ ಫಲಿತಾಂಶವನ್ನು ಕಾಣುವುದು ಅಪರೂಪ. ಸುಟ್ಟುಹೋದ ಕಾಡನ್ನು ಇನ್ನೊಮ್ಮೆ ಅದೇ ರೀತಿಯಲ್ಲಿ ಸುಟ್ಟು ನೋಡಲಾಗದು. ಪರಾಮರ್ಶಕನು ಓದುವುದು ಪ್ರಬಂಧವನ್ನು, ಕಾಡನ್ನಲ್ಲ. ಹೀಗಿದ್ದೂ ಅದರ ಮಾತನ್ನು ನಂಬಿ ಸರಕಾರಗಳು ಸಾವಿರಾರು ಎಕರೆಗಳ ಹಣೆಬರಹವನ್ನು ಬರೆಯುತ್ತವೆ. ಪುಸ್ತಕದ ತಪ್ಪನ್ನು ಮುಂದಿನ ಮುದ್ರಣದಲ್ಲಿ ತಿದ್ದಬಹುದು; ಕಾಡಿನಲ್ಲಾದ ತಪ್ಪನ್ನು ತಿದ್ದಲು ಒಂದು ತಲೆಮಾರು ಸಾಲದು.

ಈ ಹೊಣೆ ಎಂಥದೆಂಬುದನ್ನು ಅಮೆರಿಕದ ಆರೆಗಾನ್ ರಾಜ್ಯದ ಒಂದು ಪ್ರಸಂಗ ತೋರಿಸಿಕೊಡುತ್ತದೆ. 2002ರ ಬೇಸಿಗೆಯಲ್ಲಿ ಸಿಡಿಲಿನಿಂದ ಹೊತ್ತಿದ ಬೆಂಕಿ ಅಲ್ಲಿ ಸುಮಾರು 5 ಲಕ್ಷ ಎಕರೆ ಪ್ರದೇಶವನ್ನು ವ್ಯಾಪಿಸಿತು. ಬಿಸ್ಕಿಟ್ ಬೆಂಕಿ ಎಂದೇ ಅದಕ್ಕೆ ಹೆಸರು. ಸತ್ತು ನಿಂತ ಮರಗಳನ್ನು ಕಡಿದು ಮಾರಿ ಹೊಸ ಸಸಿ ನೆಡಬೇಕೆ, ಅಥವಾ ಕಾಡು ತಾನಾಗಿ ಚಿಗುರಲು ಬಿಡಬೇಕೆ ಎಂಬ ವಿವಾದ ಎದ್ದಿತು. ತಡಮಾಡಿದರೆ ಮರದ ಬೆಲೆಯೂ ಹೋಗುವುದು, ಫರ್ ಮೊದಲಾದ ಮರಗಳೂ ಬೇಗ ಮರಳಿ ಬಾರವು ಎಂದು ಆರೆಗಾನ್ ಸ್ಟೇಟ್ ವಿಶ್ವವಿದ್ಯಾನಿಲಯದ ಅರಣ್ಯ ಕಾಲೇಜಿನ ಕೆಲವು ಪ್ರಾಧ್ಯಾಪಕರು ವಾದಿಸಿದರು. ಬೇಗ ಕಡಿಯಲು ಅನುಕೂಲ ಮಾಡುವ ಮಸೂದೆಯೂ ಅಲ್ಲಿನ ಸಂಸತ್ತಿನ ಮುಂದೆ ಬಂತು. ಕಡಿದ ಮರದ ಮೇಲಿನ ತೆರಿಗೆಯ ಒಂದು ಪಾಲು ಆ ಕಾಲೇಜಿನ ಸಂಶೋಧನೆಗೆ ಸಲ್ಲುತ್ತದೆಂಬುದನ್ನೂ ಇಲ್ಲಿ ನೆನೆಯಬೇಕು.

ಅದೇ ಕಾಲೇಜಿನ ಡೇನಿಯಲ್ ಡೊನಾಟೊ ಎಂಬ ಸ್ನಾತಕೋತ್ತರ ವಿದ್ಯಾರ್ಥಿಯೂ ಇತರ ಐವರೂ ಸುಟ್ಟ ನೆಲಕ್ಕೆ ಹೋಗಿ ಸಸಿಗಳನ್ನು ಎಣಿಸಿದರು. ಬೆಂಕಿಯ ಅನಂತರ ಹೆಕ್ಟೇರಿಗೆ 767ರಂತೆ ತಾವಾಗಿ ಹುಟ್ಟಿದ್ದ ಸಸಿಗಳು, ಕಡಿತವಾದ ಕಡೆಗಳಲ್ಲಿ 224ಕ್ಕೆ ಇಳಿದಿದ್ದವು. ನೆಲದ ಮೇಲೆ ಉಳಿದ ರೆಂಬೆ ಕೊಂಬೆಗಳಿಂದ ಮತ್ತೆ ಬೆಂಕಿ ಹತ್ತುವ ಭಯವೂ ಹೆಚ್ಚಿತ್ತು. ಕೇವಲ ಒಂದು ಪುಟದ ಈ ಪ್ರಬಂಧವು ಸಮಾನರ ಪರಾಮರ್ಶೆಯಲ್ಲಿ ತೇರ್ಗಡೆಯಾಗಿ, 2006ರ ಜನವರಿಯಲ್ಲಿ ‘ಸೈನ್ಸ್’ ಪತ್ರಿಕೆಯ ಅಂತರಜಾಲ ಆವೃತ್ತಿಯಲ್ಲಿ ಕಾಣಿಸಿಕೊಂಡಿತು.

ಅದು ಕಾಗದದ ಮೇಲೆ ಅಚ್ಚಾಗುವ ಮೊದಲೇ, ಅದೇ ಕಾಲೇಜಿನ ಹಿರಿಯರೂ ಸರಕಾರದ ಅರಣ್ಯ ಸೇವೆಯ ವಿಜ್ಞಾನಿಗಳೂ ಸೇರಿದ ಒಂದು ಗುಂಪು, ಮುದ್ರಣವನ್ನು ತಡೆಹಿಡಿಯಿರಿ ಎಂದು ಪತ್ರಿಕೆಗೆ ಬರೆಯಿತು. ಸಂಪಾದಕ ಡೊನಾಲ್ಡ್ ಕೆನೆಡಿ ಒಪ್ಪಲಿಲ್ಲ. ಫೆಬ್ರುವರಿಯಲ್ಲಿ ಸಂಶೋಧನೆಗೆ ಹಣ ಕೊಡುತ್ತಿದ್ದ ಸರಕಾರಿ ಇಲಾಖೆ ಹಣವನ್ನು ತಡೆಯಿತು. ಪ್ರತಿಭಟನೆ ಎದ್ದಾಗ ಕೆಲವೇ ದಿನಗಳಲ್ಲಿ ಮರಳಿ ಬಿಡುಗಡೆ ಮಾಡಿತು. ಸಂಸತ್ತಿನ ಸದಸ್ಯರು ನಡೆಸಿದ ವಿಚಾರಣೆಯಲ್ಲಿ ವಿದ್ಯಾರ್ಥಿಯು ತನ್ನ ಒಂದು ಪುಟಕ್ಕಾಗಿ ಉತ್ತರ ಹೇಳಬೇಕಾಯಿತು. ಕಡೆಗೆ ಆಗಸ್ಟಿನಲ್ಲಿ ಟೀಕೆಗಳೂ ಲೇಖಕರ ಉತ್ತರವೂ ಅದೇ ಪತ್ರಿಕೆಯಲ್ಲಿ ಅಚ್ಚಾದವು.

ಇಲ್ಲಿ ಯಾರನ್ನು ನಾಯಕ, ಯಾರನ್ನು ಖಳ ಎನ್ನೋಣ? ಅಷ್ಟು ಸುಲಭವಲ್ಲ. ಟೀಕಾಕಾರರ ಮಾತಿನಲ್ಲಿ ಹುರುಳಿರಲಿಲ್ಲವೆನ್ನಲಾಗದು. ಬೆಂಕಿಯಾಗಿ ವರ್ಷಗಳು ಕಳೆದ ಮೇಲೆ ಕಡಿತ ನಡೆದುದರಿಂದಲೇ ಹುಟ್ಟಿದ ಸಸಿಗಳು ನಾಶವಾದವು, ಕೂಡಲೆ ಕಡಿದಿದ್ದರೆ ಫಲ ಬೇರೆಯಾಗಬಹುದಿತ್ತು, ಇಂಥ ವಿವರಗಳು ಪ್ರಬಂಧದಲ್ಲಿ ಸಾಲದೆಂದು ಅವರು ಹೇಳಿದರು. ಲೇಖಕರು ತಮ್ಮ ಎಣಿಕೆಗೆ ಅಂಟಿಕೊಂಡರು. ಪರಾಮರ್ಶೆಯನ್ನು ದಾಟಿಬಂದ ಬರಹವೂ ವಾದಕ್ಕೆ ಅತೀತವಲ್ಲ ಎಂಬುದು ಇದರಿಂದ ಸ್ಪಷ್ಟ. ಆದರೆ ಆ ವಾದ ನಡೆಯಬೇಕಾದದ್ದು ಮುದ್ರಣವಾದ ಮೇಲೆ, ಎಲ್ಲರ ಕಣ್ಣೆದುರಿನಲ್ಲಿ. ಮುದ್ರಣವನ್ನೇ ತಡೆದಿದ್ದರೆ ಆ ಎಣಿಕೆಯೂ ಅದರ ಕೊರತೆಯೂ ಒಟ್ಟಿಗೆ ಮರೆಯಾಗುತ್ತಿದ್ದವು. ಪರಾಮರ್ಶೆ ಹೊಸ್ತಿಲು, ಮನೆ ಅದರಾಚೆಗಿದೆ.

ಎಲ್ಲರ ಕಣ್ಣೆದುರಿನಲ್ಲಿ ಎಂದೆ. ಆದರೆ ಆ ಪತ್ರಿಕೆ ಚಂದಾ ತೆತ್ತವರಿಗೆ ಮಾತ್ರ ತೆರೆಯುವ ಪತ್ರಿಕೆ. ಸಂಶೋಧನೆಯ ಖರ್ಚು ಪ್ರಜೆಯ ತೆರಿಗೆಯದು. ಸುಟ್ಟ ಕಾಡಿನ ಅಂಚಿನಲ್ಲಿ ಬದುಕುವ ಅದೇ ಪ್ರಜೆ ಓದಬೇಕಾದರೆ ಮತ್ತೆ ಹಣ ತೆರಬೇಕು! ಈ ಅನ್ಯಾಯವನ್ನು ಕಂಡವರು 2002ರ ಫೆಬ್ರುವರಿಯಲ್ಲಿ ಬುಡಾಪೆಸ್ಟ್ ನಗರದ ಹೆಸರಿನ ಒಂದು ಘೋಷಣೆಯನ್ನು ಹೊರಡಿಸಿ, ವಿದ್ವತ್ಪ್ರಬಂಧಗಳು ಅಂತರಜಾಲದಲ್ಲಿ ಯಾರಿಗೂ ಉಚಿತವಾಗಿ ದೊರೆಯಬೇಕೆಂದರು. ಮುಕ್ತ ಪ್ರಕಟಣೆ ಎಂಬ ಮಾತಿಗೆ ಅಲ್ಲಿಂದ ಬಲ ಬಂತು. ಸರಕಾರಿ ಹಣದ ಸಂಶೋಧನೆ ಪ್ರಕಟವಾದ ಒಂದು ವರ್ಷದೊಳಗೆ ಸಾರ್ವಜನಿಕರಿಗೆ ಸಿಗಬೇಕೆಂದು ಅಮೆರಿಕದ ಸರಕಾರ 2013ರಲ್ಲಿ ಸೂಚಿಸಿತು. ಆ ಒಂದು ವರ್ಷದ ತಡೆಯೂ ಬೇಡವೆಂದು 2022ರಲ್ಲಿ ಹೇಳಿತು. ಬೆಂಗಳೂರಿನಿಂದ 1932ರಲ್ಲಿ ಹೊರಟ ‘ಕರೆಂಟ್ ಸೈನ್ಸ್’ ಪತ್ರಿಕೆಯನ್ನು ಅಂತರಜಾಲದಲ್ಲಿ ಯಾರು ಬೇಕಾದರೂ ಹಣವಿಲ್ಲದೆ ಓದಬಹುದು ಎಂಬುದು ನಮಗೆ ಸಂತೋಷದ ಸಂಗತಿ.

ಕಾಡಿನ ಅಂಚಿನವನು ಓದಿ ಮಾಡುವುದೇನು ಎಂದು ಕೇಳುವವರಿದ್ದಾರೆ. ಉತ್ತರವನ್ನು ನಮ್ಮ ಉತ್ತರ ಕನ್ನಡ ಜಿಲ್ಲೆಯೇ ಕೊಡುತ್ತದೆ. ಕಾಗದದ ಕಾರ್ಖಾನೆಗೆ ಒದಗಿಸಿದ ಬಿದಿರು ಅಲ್ಲಿ ವೇಗವಾಗಿ ಕ್ಷೀಣಿಸುತ್ತಿದ್ದಾಗ, 1970ರ ದಶಕದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರು ಮತ್ತು ಅವರ ಸಹೋದ್ಯೋಗಿಗಳು ಅದರ ಅಧ್ಯಯನ ಕೈಕೊಂಡರು. ಕಡತದಲ್ಲಿ ಅಂದಾಜು ಮಾಡಿದ್ದಷ್ಟು ಬಿದಿರು ನೆಲದ ಮೇಲೆ ಇರಲಿಲ್ಲ. ಬಿದಿರ ಮೆಳೆಯ ಬುಡದ ಮುಳ್ಳನ್ನು ಸವರಿ ಚೊಕ್ಕಟ ಮಾಡಿದರೆ ಬೆಳವಣಿಗೆ ಚೆನ್ನಾಗುವುದೆಂಬುದು ಅಂದಿನ ಅರಣ್ಯ ಇಲಾಖೆಯ ನಂಬಿಕೆ. ಹಳ್ಳಿಯವರು ಹೇಳಿದ್ದು ಇದಕ್ಕೆ ತೀರ ವಿರುದ್ಧ: ಆ ಮುಳ್ಳೇ ಕಳಲೆಗೆ ಬೇಲಿ; ಬೇಲಿ ತೆಗೆದರೆ ದನವೂ ಕಾಡುಪ್ರಾಣಿಯೂ ಕಳಲೆಯನ್ನು ತಿಂದು ಮುಗಿಸುತ್ತವೆ. ಅಳೆದು ನೋಡಿದಾಗ ಹಳ್ಳಿಯವರ ಮಾತೇ ನಿಜವಾಯಿತು. ಇಲ್ಲಿ ಸಮಾನರು ಯಾರು? ಓದು ಕಲಿಯದವರಲ್ಲಿಯೂ ಕಾವ್ಯದ ಪರಿಣತಿ ಉಂಟೆಂದು ‘ಕವಿರಾಜಮಾರ್ಗ’ವು 9ನೆಯ ಶತಮಾನದಲ್ಲಿಯೇ ಹೇಳಿತು. ಕಾಡಿನ ವಿಷಯದಲ್ಲಿ ಆ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ.

ಬಾಗಿಲು ತೆರೆದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲ. ಓದುಗನಿಂದ ಹಣ ಪಡೆಯದ ಹಲವು ಪತ್ರಿಕೆಗಳು ಲೇಖಕನಿಂದ ಪಡೆಯುತ್ತವೆ. ಬಡ ಸಂಸ್ಥೆಯ ಸಂಶೋಧಕನಿಗೆ ಅದು ಇನ್ನೊಂದು ಬೀಗ. ಹಣ ಬಂದರೆ ಸಾಕೆಂದು ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳೂ ಹುಟ್ಟಿಕೊಂಡಿವೆ. 2013ರಲ್ಲಿ ಪತ್ರಕರ್ತರೊಬ್ಬರು ಬೇಕೆಂದೇ ದೋಷ ತುಂಬಿದ ಸುಳ್ಳು ಪ್ರಬಂಧವೊಂದನ್ನು ಹೆಣೆದು 304 ಮುಕ್ತ ಪತ್ರಿಕೆಗಳಿಗೆ ಕಳುಹಿಸಿದಾಗ 157 ಪತ್ರಿಕೆಗಳು ಅದನ್ನು ಸ್ವೀಕರಿಸಿದವು. ಪರಾಮರ್ಶೆಯಿಲ್ಲದ ಮುಕ್ತತೆ ಬೇಲಿಯಿಲ್ಲದ ಮೆಳೆ. ಮುಕ್ತತೆಯಿಲ್ಲದ ಪರಾಮರ್ಶೆ ಬಾಗಿಲು ಹಾಕಿಕೊಂಡು ನಡೆಸಿದ ನ್ಯಾಯಪಂಚಾಯಿತಿ. ಎರಡೂ ಕೂಡಿಯೇ ಇರಬೇಕು.

ನಮ್ಮ ದೇಶದಲ್ಲಿ 2025ರಿಂದ ಕೇಂದ್ರ ಸರಕಾರವು ಒಟ್ಟಾಗಿ ಚಂದಾ ಕಟ್ಟಿ ಸುಮಾರು 13,000 ಪತ್ರಿಕೆಗಳನ್ನು ಸರಕಾರಿ ವಿದ್ಯಾಸಂಸ್ಥೆಗಳಿಗೆ ಒದಗಿಸುತ್ತಿದೆ. ಇದು ದೊಡ್ಡ ಕೆಲಸವೇ ಸರಿ. ಆದರೂ ಕಾಲೇಜಿನ ಗೇಟಿನ ಹೊರಗೆ ನಿಂತ ಶಿರಸಿಯ ತೋಟಿಗನಿಗೂ ದಾಂಡೇಲಿಯ ಮೇದಾರನಿಗೂ ಆ ಬಾಗಿಲು ತೆರೆದಿಲ್ಲ. ತೆರೆದರೂ ಒಳಗಿನ ಮಾತು ಇಂಗ್ಲಿಷಿನದು. ಅವರ ಕಾಡಿನ ಬಗ್ಗೆ ಬರೆದ ಪ್ರಬಂಧದ ಸಾರವಾದರೂ ಅವರ ನುಡಿಯಲ್ಲಿ ಅವರಿಗೆ ತಲುಪಬೇಕು. ಅದು ಸರಿಯಲ್ಲವೆಂದು ಅವರು ಹೇಳಿದರೆ ಆ ಮಾತು ಪ್ರಬಂಧ ಬರೆದವನಿಗೆ ತಲುಪಬೇಕು. ಆಗ ಮಾತ್ರ ಆ ಕಣ್ಣಿಗೆ ಕಾಣದ ಸಭೆ ನಿಜವಾಗಿ ಸಮಾನರ ಸಭೆಯಾದೀತು.